ಊರಿಗೆ ಐನೂರು ಜನ ಕೇಳುವ ರೇಡಿಯೋಗೆ ಸರ್ಕಾರ ಏಕೆ ಹಣ ಕೊಡಬೇಕು?

ನೀವು ಕೇಳಿರುವುದು ಇಷ್ಟು: ಕೆನಡಾದ ಉತ್ತರದ ಊರುಗಳಲ್ಲಿ ಮೂಲನಿವಾಸಿಗಳ ಭಾಷೆಯ ರೇಡಿಯೋ ಮತ್ತು ಟಿವಿಗೆ ಸರ್ಕಾರ ದಶಕಗಳಿಂದ ಹಣ ಸುರಿಯುತ್ತಿದೆ, ಕೇಳುವವರು ಊರಿಗೆ ಐನೂರೋ ಸಾವಿರವೋ ಇದ್ದಾರೆ, ಎಲ್ಲರ ಕೈಗೂ ಮೊಬೈಲ್ ಬಂದಿರುವಾಗ ಇದು ಇನ್ನೂ ಬೇಕೇ?

ಬೇಕು. ಆದರೆ ‘ಸುರಿಯುತ್ತಿದೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವಿನ್ನಿಪೆಗ್‌ನಲ್ಲಿ ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ಒಂಟಾರಿಯೋ ಪ್ರಾಂತ್ಯದ ಉತ್ತರದಲ್ಲಿ ವಿಮಾನ ಬಿಟ್ಟರೆ ಬೇರೆ ದಾರಿಯಿಲ್ಲದ ಓಜಿ-ಕ್ರೀ ಎಂಬ ಮೂಲನಿವಾಸಿಗಳ ಒಂದು ಊರಿದೆ. ಅಲ್ಲಿನ ಸಮುದಾಯ ರೇಡಿಯೋದ ಲೆಕ್ಕವನ್ನು ಮೂರು ವರ್ಷ ನಾನೇ ಬರೆದಿದ್ದೇನೆ. ಆ ಪುಸ್ತಕದಲ್ಲಿ ಸುರಿದ ಹಣ ನನಗೆ ಕಾಣಿಸಲಿಲ್ಲ.

ಮೊದಲು ಒಂದು ಹಳೆಯ ಕಥೆ ಹೇಳಬೇಕು, ಏಕೆಂದರೆ ಸರ್ಕಾರ ಏಕೆ ಕೊಡಬೇಕು ಎಂಬುದರ ಉತ್ತರ ಅಲ್ಲಿದೆ. 1972ರ ನವೆಂಬರ್‌ನಲ್ಲಿ ಕೆನಡಾ ತನ್ನ ಸಂಪರ್ಕ ಉಪಗ್ರಹ ಅನಿಕ್ ಎ-1 ಅನ್ನು ಹಾರಿಸಿತು. ಅನಿಕ್ ಎಂದರೆ ದೂರದ ಉತ್ತರದ ಮೂಲನಿವಾಸಿಗಳಾದ ಇನುಯಿಟರ ಇನುಕ್ಟಿಟುಟ್ ಭಾಷೆಯಲ್ಲಿ ಸಹೋದರ. (ನಮ್ಮ ‘ಅಣ್ಣ’ನಿಗೂ ಆ ಪದಕ್ಕೂ ನಂಟಿಲ್ಲ. ಆದರೂ ಮೊದಲ ಸಲ ಕೇಳಿದಾಗ ನನಗೆ ಅಣ್ಣನೇ ನೆನಪಾದ.) ಹೆಸರೇನೋ ಅವರ ಭಾಷೆಯದು. ಆ ಉಪಗ್ರಹದಿಂದ ಅವರ ಮನೆಯೊಳಗೆ ಇಳಿದ ಮಾತು ಮಾತ್ರ ಇಂಗ್ಲಿಷ್ ಮತ್ತು ಫ್ರೆಂಚ್. 1974ರಲ್ಲಿ, 500 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಸಿಬಿಸಿಯ ಪ್ರಸಾರವನ್ನು ಬೇಗ ಬೇಗ ತಲುಪಿಸುವ ಯೋಜನೆ ಬಂತು. ಅದಕ್ಕೆ ಬಳಕೆಯಾದದ್ದು ಸಾರ್ವಜನಿಕರ ಹಣ. ತಲೆಗೆ ಎಷ್ಟು ಖರ್ಚು ಬೀಳುತ್ತದೆ ಎಂದು ಆಗ ಯಾರೂ ತಕರಾರು ತೆಗೆಯಲಿಲ್ಲ.

ಇಗ್ಲೂಲಿಕ್ ಎಂಬ ಇನುಯಿಟ್ ಊರು ಇದನ್ನು ಬೇಡವೆಂದಿತು. 1975ರಲ್ಲಿ ಊರವರು ಮತ ಹಾಕಿ ಟಿವಿಯನ್ನು ನಿರಾಕರಿಸಿದರು, 1979ರಲ್ಲಿ ಮತ್ತೊಮ್ಮೆ ನಿರಾಕರಿಸಿದರು. ತಮ್ಮ ಭಾಷೆಯ ಕಾರ್ಯಕ್ರಮ ಬರುವ ತನಕ ಆ ಪೆಟ್ಟಿಗೆ ಊರಿಗೆ ಬರುವುದು ಬೇಡ ಎಂಬುದು ಅವರ ನಿಲುವು. ಇನುಯಿಟ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ 1981ರಲ್ಲಿ ಹುಟ್ಟಿ ಮರುವರ್ಷ ಪ್ರಸಾರ ಆರಂಭಿಸಿದ ಮೇಲಷ್ಟೇ, 1983ರಲ್ಲಿ, ಅವರು ಒಪ್ಪಿದರು. ಆ ಸಂಸ್ಥೆಯ ಅಧ್ಯಕ್ಷೆಯಾಗಿದ್ದ ರೋಸ್‌ಮೇರಿ ಕುಪ್ಟಾನಾ ದಕ್ಷಿಣದಿಂದ ಬಂದ ಟಿವಿಯನ್ನು ನ್ಯೂಟ್ರಾನ್ ಬಾಂಬಿಗೆ ಹೋಲಿಸಿದ್ದರು. ಆ ಬಾಂಬು ಕಟ್ಟಡಗಳನ್ನು ಉಳಿಸಿ ಜನರನ್ನು ಮಾತ್ರ ಕೊಲ್ಲುತ್ತದೆ. ಕಠಿಣವಾದ ಹೋಲಿಕೆ. ಆದರೆ ಅಜ್ಜಿ ಒಂದು ಭಾಷೆಯಲ್ಲಿ, ಮೊಮ್ಮಗ ಇನ್ನೊಂದು ಭಾಷೆಯಲ್ಲಿ ಮಾತನಾಡುವ ಮನೆಯಲ್ಲಿ ಒಂದು ಸಂಜೆ ಕುಳಿತವರಿಗೆ ಅದು ಅತಿಯೆನಿಸುವುದಿಲ್ಲ.

ಹಾಗಾಗಿ ಇದನ್ನು ನಾನು ಕೊಡುಗೆ ಎಂದು ಕರೆಯುವುದಿಲ್ಲ. ಇಂಗ್ಲಿಷನ್ನು ಸರ್ಕಾರವೇ ಹೊತ್ತು ತಂದು ಮನೆಯೊಳಗೆ ಕೂರಿಸಿದೆ. ಆ ಮನೆಯ ಮಾತಿಗೂ ಅಷ್ಟೇ ಜಾಗ ಮಾಡಿಕೊಡುವುದು ಅದರ ಹೊಣೆ.

1983ರ ಮಾರ್ಚ್‌ನಲ್ಲಿ ಸರ್ಕಾರ ಉತ್ತರದ ಪ್ರಸಾರ ನೀತಿಯನ್ನು ಪ್ರಕಟಿಸಿ ಅದರ ಜೊತೆಗೇ ಒಂದು ಅನುದಾನ ಯೋಜನೆಯನ್ನೂ ತಂದಿತು. ನಾಲ್ಕು ವರ್ಷಕ್ಕೆ 4.03 ಕೋಟಿ ಡಾಲರ್. ಅದನ್ನು ಹಂಚಿಕೊಂಡವು 13 ಪ್ರಾದೇಶಿಕ ಸಂಸ್ಥೆಗಳು: ಸೂ ಲುಕ್‌ಔಟ್‌ನ ವವಾಟೆ, ಕ್ಯುಬೆಕ್‌ನ ಉತ್ತರದ ತಕ್ರಮಿಯುಟ್ ನಿಪಿಂಗತ್, ಲ್ಯಾಬ್ರಡಾರ್ ಕರಾವಳಿಯ ನೈನ್ ಊರಿನ ಓಕಲಕಟಿಗೆಟ್, ಹೀಗೆ. ಇಟ್ಟುಕೊಂಡ ಗುರಿ ವಾರಕ್ಕೆ 20 ಗಂಟೆ ರೇಡಿಯೋ, 5 ಗಂಟೆ ಟಿವಿ. ಭೂಪಟದ ಮೇಲೆ ಹ್ಯಾಮ್ಲಿನ್ ರೇಖೆ ಎಂಬುದೊಂದು ಗೆರೆಯಿದೆ. ಅದರ ಉತ್ತರಕ್ಕಿದ್ದವರಿಗಷ್ಟೇ ಹಣ, ದಕ್ಷಿಣದಲ್ಲಿ ಅದೇ ಭಾಷೆಯಾಡುವವರಿಗೆ ಇಲ್ಲ.

ಕಾರ್ಯಕ್ರಮ ತಯಾರಿಸಲು ಹಣ ಬಂತು, ಬಿತ್ತರಿಸಲು ಹೊತ್ತು ಸಿಗಲಿಲ್ಲ. ಇನುಯಿಟ್ ಕಾರ್ಯಕ್ರಮಗಳು ಸಿಬಿಸಿಯ ವಾಹಿನಿಯಲ್ಲಿ ನಡುರಾತ್ರಿ ಕಳೆದ ಮೇಲೆ ಬರುತ್ತಿದ್ದವು. ಹಾಕಿ ಪಂದ್ಯ ಉದ್ದವಾದರೆ ಇನ್ನೂ ಹಿಂದಕ್ಕೆ ಹೋಗುತ್ತಿದ್ದವು. ಮಕ್ಕಳಿಗೆಂದು ಮಾಡಿದ್ದನ್ನು ಮಕ್ಕಳು ಮಲಗಿದ ಮೇಲೆ ತೋರಿಸಿದರೆ ಏನು ಪ್ರಯೋಜನ? ಉತ್ತರದವರು ಎಲ್ಲರೂ ಸೇರಿ 1992ರ ಜನವರಿಯಲ್ಲಿ ತಮ್ಮದೇ ಉಪಗ್ರಹ ವಾಹಿನಿ ಆರಂಭಿಸಿಕೊಂಡ ಮೇಲೆ ಈ ತೊಂದರೆ ತಪ್ಪಿತು. 1999ರ ಸೆಪ್ಟೆಂಬರ್ 1ರಂದು ಅದೇ ಎಪಿಟಿಎನ್ ಎಂಬ ದೇಶವ್ಯಾಪಿ ಮೂಲನಿವಾಸಿ ಟಿವಿ ವಾಹಿನಿ ಆಯಿತು. ಇಡೀ ದೇಶದ ಕೇಬಲ್ ಚಂದಾದಾರರಿಂದ ತಿಂಗಳಿಗೆ ತಲಾ 15 ಸೆಂಟ್ ಸಂಗ್ರಹಿಸುವ ಏರ್ಪಾಟನ್ನು ಪ್ರಸಾರ ನಿಯಂತ್ರಣ ಆಯೋಗ ಮಾಡಿಕೊಟ್ಟಿತು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಜಾಣ ನಿರ್ಧಾರ ಎನಿಸಿದ್ದು ಇದೇ. ಬಜೆಟ್ಟಿನಲ್ಲಿ ಯಾರ ಮುಖ ನೋಡುವ ಅಗತ್ಯವೂ ಆ ಹಣಕ್ಕಿಲ್ಲ.

ಮುಖ ನೋಡಬೇಕಾದವರ ಪಾಡು ಬೇರೆ. 1990ರ ಬಜೆಟ್ ಈ ಅನುದಾನಕ್ಕೆ 16 ಪ್ರತಿಶತ ಕತ್ತರಿ ಹಾಕಿತು, ಮೂಲನಿವಾಸಿ ಪತ್ರಿಕೆಗಳಿಗಿದ್ದ ಯೋಜನೆಯನ್ನು ಪೂರ್ತಿ ಮುಚ್ಚಿತು. ಮರುವರ್ಷ ಬಂದ ಪ್ರಸಾರ ಕಾಯ್ದೆ, ಮೂಲನಿವಾಸಿ ಸಂಸ್ಕೃತಿಯ ಕಾರ್ಯಕ್ರಮಗಳು ದೇಶದ ಪ್ರಸಾರದಲ್ಲಿ ಇರಬೇಕು ಎಂದು ಹೇಳಿ, ಕೊನೆಗೆ ‘ಸಂಪನ್ಮೂಲ ಲಭ್ಯವಾದಂತೆ’ ಎಂದು ಸೇರಿಸಿತು. ನಮ್ಮ ಕಚೇರಿಗಳ ‘ಅನುದಾನದ ಲಭ್ಯತೆಗೆ ಅನುಗುಣವಾಗಿ’ ಎಂಬ ಒಕ್ಕಣೆ ಓದಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆ ಮಾತು ಕಾಯ್ದೆಯಿಂದ ಹೊರಹೋದದ್ದು 2023ರಲ್ಲಿ.

ಇನ್ನು ನಾನು ಕಣ್ಣಾರೆ ಕಂಡದ್ದು. ಆ ಊರಿನ ನಿಲಯವೆಂದರೆ ಒಂದೇ ಕೋಣೆ. ಒಂದು ಮಿಕ್ಸರ್, ಎರಡು ಮೈಕು, ಒಂದು ದೂರವಾಣಿ, ಸದಾ ಬಿಸಿಯಿರುವ ಚಹಾದ ಕೆಟಲ್. ಹೊರಗೆ ಮೈನಸ್ ಮೂವತ್ತೈದು ಡಿಗ್ರಿ. ಬಾಗಿಲಿಗೆ ಬೀಗವಿಲ್ಲ, ಯಾರು ಬೇಕಾದರೂ ಬಂದು ಹೇಳಬೇಕಾದ್ದನ್ನು ಹೇಳಬಹುದು: ವಿಮಾನ ತಡ, ನರ್ಸ್ ಬಂದಿದ್ದಾರೆ, ಕೆರೆಯ ಆಚೆ ದಡದ ಮಂಜುಗಡ್ಡೆ ತೆಳುವಾಗಿದೆ, ಹುಷಾರು. ಪ್ರಾದೇಶಿಕ ಸಂಸ್ಥೆಯ ಕಾರ್ಯಕ್ರಮ ಉಪಗ್ರಹದಿಂದ ಬರುತ್ತದೆ. ಉಳಿದ ಹೊತ್ತು ಊರಿನದು.

ಆ ಊರಿನ ಹೊತ್ತಿಗೆ ಹಣ ಬರುವುದು ಎಲ್ಲಿಂದ ಗೊತ್ತೇ? ಬಿಂಗೊ ಆಟದಿಂದ. ಉತ್ತರದ ಎಷ್ಟೋ ನಿಲಯಗಳು ಬದುಕಿರುವುದು ಇದರಿಂದಲೇ. ಜನ ಅಂಗಡಿಯಲ್ಲಿ ಚೀಟಿ ಕೊಂಡು ಸಂಜೆ ರೇಡಿಯೋ ಮುಂದೆ ಕೂರುತ್ತಾರೆ, ನಿಲಯದಲ್ಲಿ ಅಂಕಿ ಕರೆಯುತ್ತಾರೆ, ಸಾಲು ತುಂಬಿದವರು ಫೋನ್ ಮಾಡುತ್ತಾರೆ. ಬಹುಮಾನ ಕಳೆದು ಉಳಿದದ್ದರಲ್ಲಿ ವಿದ್ಯುತ್ ಬಿಲ್ಲು, ಟ್ರಾನ್ಸ್‌ಮಿಟರಿನ ದುರಸ್ತಿ. ನಾನು ಹೋಗಿದ್ದ ದಿನ ಅಂಕಿ ಕರೆಯುತ್ತಿದ್ದದ್ದು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಊರೆಲ್ಲ ಅವರನ್ನು ಕೂಕಮ್, ಅಂದರೆ ಅಜ್ಜಿ, ಎಂದೇ ಕರೆಯುತ್ತದೆ. ಪ್ರತಿ ಅಂಕಿಯನ್ನೂ ಮೊದಲು ಓಜಿ-ಕ್ರೀಯಲ್ಲಿ ಹೇಳಿ, ಸ್ವಲ್ಪ ತಡೆದು, ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಆ ತಡೆ ಬೇಕೆಂದೇ ಇಟ್ಟದ್ದು. ಭಾಷೆ ಬಲ್ಲವರು ಒಂದು ಉಸಿರು ಮುಂದಿರುತ್ತಾರೆ. ಪಕ್ಕದಲ್ಲಿ ಕುಳಿತಿದ್ದ ಒಂಬತ್ತು ವರ್ಷದ ಮೊಮ್ಮಗಳು ಅಜ್ಜಿಯ ತುಟಿಯನ್ನೇ ನೋಡುತ್ತಾ ಇಂಗ್ಲಿಷ್ ಬರುವ ಮೊದಲೇ ಚೀಟಿಯ ಮೇಲೆ ಗುರುತು ಹಾಕುತ್ತಿದ್ದಳು.

ಇದೇ ಅಜ್ಜಿ ಭಾನುವಾರ ಅರ್ಧ ಗಂಟೆಯ ಕಾರ್ಯಕ್ರಮವೊಂದನ್ನು ನಡೆಸುತ್ತಾರೆ. ಹಳೆಯ ಬೇಟೆ ದಾರಿಗಳು, ನದಿಯ ತಿರುವುಗಳ ಹೆಸರು, ಯಾರ ಅಜ್ಜ ಎಲ್ಲಿ ಬಲೆ ಹಾಕುತ್ತಿದ್ದ ಎಂಬ ಮಾತು. ಅದಕ್ಕಾಗಿ ಎರಡು ದಿನ ಮನೆ ಮನೆಗೆ ಹೋಗಿ ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಳ್ಳುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಅವರ ಗೌರವಧನ ಇದ್ದದ್ದು ‘ಇತರೆ ವೆಚ್ಚ’ದಲ್ಲಿ, ಕಾಗದ, ಬಲ್ಬು, ಚಹಾಪುಡಿಯ ಜೊತೆಗೆ. ಅರ್ಜಿ ನಮೂನೆಯಲ್ಲಿ ಯಂತ್ರಕ್ಕೆ, ಪ್ರಯಾಣಕ್ಕೆ, ತರಬೇತಿಗೆ ಕಾಲಂ ಇತ್ತು. ಅಜ್ಜಿಗೆ ಇರಲಿಲ್ಲ. ಏಪ್ರಿಲ್‌ನಲ್ಲಿ ಬರಬೇಕಾದ ಕಂತು ಒಂದು ವರ್ಷ ಅಕ್ಟೋಬರ್‌ನಲ್ಲಿ ಬಂತು. ನಡುವಿನ ಆರು ತಿಂಗಳು ಅವರು ಬಿಡಿಗಾಸಿಲ್ಲದೆ ಕಾರ್ಯಕ್ರಮ ನಡೆಸಿದರು. ಒಂದು ಭಾನುವಾರವೂ ತಪ್ಪಿಸಲಿಲ್ಲ.

ನನಗೇಕೆ ಇಷ್ಟು ತಟ್ಟಿತು ಎಂದರೆ, ನಾನು ಮಡಿಕೇರಿಯ ಕಡೆಯ ಮನುಷ್ಯ. ನಮ್ಮ ಮನೆಮಾತು ಅರೆಭಾಷೆ. ಮಡಿಕೇರಿ ಆಕಾಶವಾಣಿಯಲ್ಲಿ ಅರೆಭಾಷೆಯ ಕಾರ್ಯಕ್ರಮ ಬಂದರೆ ನಮ್ಮಜ್ಜಿ ಒಲೆಯ ಮೇಲಿದ್ದದ್ದನ್ನು ಇಳಿಸಿ ಬಂದು ಕೂರುತ್ತಿದ್ದರು. ಶಾಲೆಯಲ್ಲಿ, ಕಚೇರಿಯಲ್ಲಿ ಎಲ್ಲೂ ಕೇಳಿಸದ ನಮ್ಮ ಮಾತು ಪೆಟ್ಟಿಗೆಯೊಳಗಿಂದ ಗತ್ತಿನಿಂದ ಬರುತ್ತಿತ್ತು. ಕೇಳುಗರು ಎಷ್ಟು ಮಂದಿ ಎಂದು ಅಜ್ಜಿ ಎಣಿಸಿದವರಲ್ಲ.

ಮೊಬೈಲ್ ಇದೆಯಲ್ಲ ಎಂದಿರಿ. ಮೊಬೈಲಿನಲ್ಲಿ ಬರುವುದೂ ಬಹುಪಾಲು ಇಂಗ್ಲಿಷೇ. ಆಗ ಟಿವಿಯ ಮುಂದೆ ಕುಳಿತಾಗಷ್ಟೇ ಬರುತ್ತಿದ್ದದ್ದು ಈಗ ಇಡೀ ದಿನ ಬರುತ್ತದೆ. ತಂತ್ರಜ್ಞಾನ ಅಗ್ಗವಾಗಿರುವುದು ನಿಜ, ಒಳ್ಳೆಯದೂ ಹೌದು: 2021ರ ಜನವರಿಯಲ್ಲಿ ಉವಗುತ್ ಎಂಬ, ದಿನದ ಇಪ್ಪತ್ತನಾಲ್ಕು ಗಂಟೆಯೂ ಇನುಕ್ಟುಟ್ (ಇನುಯಿಟರ ನುಡಿಗಳಿಗೆಲ್ಲ ಸೇರಿ ಇರುವ ಹೆಸರು) ಮಾತಾಡುವ ಟಿವಿ ವಾಹಿನಿ ಆರಂಭವಾಯಿತು. ಆದರೆ ಅದನ್ನು ತುಂಬಿಸುವುದು ನಾಲ್ಕು ದಶಕಗಳಿಂದ ಇಂಥ ಸಂಸ್ಥೆಗಳು ಮಾಡಿಟ್ಟ, ಮಾಡುತ್ತಿರುವ ಕಾರ್ಯಕ್ರಮಗಳು. ಖರ್ಚು ಇರುವುದು ಎರಡು ದಿನ ತಿರುಗಿ ಅರ್ಧ ಗಂಟೆಯ ಮಾತು ಕೂಡಿಸುವುದರಲ್ಲಿ. ಅದು ಅಗ್ಗವಾಗಿಲ್ಲ, ಆಗುವುದೂ ಇಲ್ಲ. ಹಣವನ್ನು ವರ್ಷವರ್ಷ ಬೇಡಿಸುವ ಬದಲು ಐದು ವರ್ಷಕ್ಕೊಮ್ಮೆ ನಿಶ್ಚಯಿಸಿ, ಮೊದಲ ಪಾಲನ್ನು ಮಾತಾಡುವವರ ಕೈಗಿಟ್ಟರೆ, ಈಗ ಕೊಡುತ್ತಿರುವ ಮೊತ್ತವೇ ಎಷ್ಟೋ ಹೆಚ್ಚು ಕೆಲಸ ಮಾಡುತ್ತದೆ. ಇದು ಲೆಕ್ಕ ಬರೆಯುವವನಾಗಿ ನಾನು ಹೇಳಬಲ್ಲ ಮಾತು.

ಮೂರನೆಯ ವರ್ಷ ಪುಸ್ತಕ ಮುಗಿಸುವಾಗ ಅಜ್ಜಿಯ ಗೌರವಧನವನ್ನು ‘ಇತರೆ’ಯಿಂದ ತೆಗೆದು ‘ಕಾರ್ಯಕ್ರಮ ತಯಾರಿಕೆ’ ಎಂಬ ಹೊಸ ಶೀರ್ಷಿಕೆಗೆ ಹಾಕಿದೆ. ಅನುದಾನದ ಕಚೇರಿಯಿಂದ ಸ್ಪಷ್ಟೀಕರಣ ಕೇಳಿ ಪತ್ರ ಬಂತು. ಎರಡು ಪುಟ ಬರೆದು ಕಳುಹಿಸಿದೆ, ಜೊತೆಗೆ ಒಂದು ಭಾನುವಾರದ ಧ್ವನಿಮುದ್ರಿಕೆಯನ್ನೂ ಇಟ್ಟೆ. ನಾಲ್ಕು ತಿಂಗಳಾದ ಮೇಲೆ ಒಪ್ಪಿಗೆ ಬಂತು. ಫೋನಿನಲ್ಲಿ ತಿಳಿಸಿದಾಗ ಕೂಕಮ್ ‘ಮೀಗ್ವೆಚ್’ ಎಂದರು, ಅಂದರೆ ಧನ್ಯವಾದ. ಆಮೇಲೆ, ಬಿಂಗೊಗೆ ಹೊತ್ತಾಯಿತು, ನಾಳೆ ಮಾತಾಡೋಣ ಎಂದು ಫೋನಿಟ್ಟರು.