ಲೊಂಬೊಕ್‌ನ ಮದುವೆ ಪದ್ಧತಿ ಬಾಲ್ಯವಿವಾಹಕ್ಕೆ ದಾರಿಯೋ, ತಡೆಯೋ?

ಪ್ರಶ್ನೆ: ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ಸಾಸಕ್ ಜನರಲ್ಲಿ ಹುಡುಗ ರಾತ್ರೋರಾತ್ರಿ ಹುಡುಗಿಯನ್ನು ಕರೆದುಕೊಂಡು ಹೋಗಿ ಮದುವೆಯಾಗುತ್ತಾನಂತೆ. ಅಲ್ಲಿ ಬಾಲ್ಯವಿವಾಹ ಜಾಸ್ತಿ ಇರೋದಕ್ಕೆ ಇದೇ ಕಾರಣ ಅಲ್ವಾ? ಆದರೆ ಅದನ್ನು ತಡೆಯೋದಕ್ಕೂ ಅವರ ಆಚರಣೆಗಳೇ ಸಾಕು ಅಂತ ಕೆಲವರು ಹೇಳ್ತಾರೆ. ಯಾರ ಮಾತು ನಂಬಬೇಕು?

ಉತ್ತರ: ನೀವು ಹೇಳುತ್ತಿರುವುದು ಮೆರಾರಿಕ್ ಪದ್ಧತಿ. ಕರೆದುಕೊಂಡು ಹೋಗೋದು ಅದರಲ್ಲಿ ಮೊದಲ ಹೆಜ್ಜೆ ಅಷ್ಟೇ. ಹುಡುಗಿ ಒಪ್ಪಿರಬೇಕು, ಅವಳನ್ನು ಹುಡುಗನ ನೆಂಟರ ಮನೆಯಲ್ಲಿ ಇರಿಸಬೇಕು, ಆಮೇಲೆ ಊರ ಹಿರಿಯರ ಮೂಲಕ ಅವಳ ಮನೆಗೆ ಸುದ್ದಿ ಮುಟ್ಟಿಸಬೇಕು (ಇದಕ್ಕೆ ಸೆಲಾಬರ್ ಅಂತಾರೆ), ತಂದೆ ಒಪ್ಪಿದ ಮೇಲೆ ನಿಕಾಹ್, ನಂತರ ಎರಡೂ ಕಡೆಯ ಮಾತುಗಾರರು ಎದುರುಬದುರು ಕೂತು ನಡೆಸುವ ಸೊರೊಂಗ್ ಸೆರಾ ಎಂಬ ಒಪ್ಪಿಸುವ ಶಾಸ್ತ್ರ, ಕೊನೆಗೆ ಗೆಂಡಾಂಗ್ ಬೆಲೆಕ್ ಎಂಬ ದೊಡ್ಡ ಡೋಲುಗಳ ಜೊತೆ ಹುಡುಗಿಯ ತವರಿಗೆ ನ್ಯೊಂಗ್‌ಕೊಲಾನ್ ಮೆರವಣಿಗೆ. ಇಷ್ಟು ಜನರ ಕೈ ದಾಟಿಯೇ ಮದುವೆ ಮುಗಿಯುತ್ತದೆ. ಅಂದರೆ ‘ಇವಳಿನ್ನೂ ಚಿಕ್ಕವಳು, ಬೇಡ’ ಅಂತ ಹೇಳೋಕೆ ಇಷ್ಟೂ ಕಡೆ ಅವಕಾಶ ಇದೆ.

ಹಾಗಾದರೆ ಯಾಕೆ ಹೇಳಲ್ಲ? ಒಂದು ರಾತ್ರಿ ಹೊರಗೆ ಕಳೆದ ಮಗಳನ್ನು ವಾಪಸ್ ಕರೆತಂದರೆ ಮನೆತನಕ್ಕೆ ಅವಮಾನ ಅನ್ನೋ ಭಯ. ನನ್ನ ಪ್ರಕಾರ ಮಕ್ಕಳನ್ನು ಮದುವೆಗೆ ತಳ್ಳುತ್ತಿರೋದು ಮುಖ್ಯವಾಗಿ ಈ ಭಯ.

ಮಗ್ಗದ ವಿಷಯವೂ ಇದೆ. ಸಾದೆಯಂಥ ಹಳ್ಳಿಗಳಲ್ಲಿ ನೇಯ್ಗೆ ಕಲಿಯದ ಹುಡುಗಿ ಮದುವೆಗೆ ಸಿದ್ಧಳಲ್ಲ ಅಂತಾರೆ. ಒಳ್ಳೆಯ ಮಾತೇ, ಆದರೆ ಹದಿಮೂರರ ಹುಡುಗಿಯೂ ಚೆನ್ನಾಗಿ ನೇಯಬಹುದು, ಹಾಗಾಗಿ ಇದೊಂದನ್ನೇ ನಂಬೋದು ಬೇಡ, ವಯಸ್ಸನ್ನೂ ನೋಡಲೇಬೇಕು.

ಕಾನೂನು ಸ್ಪಷ್ಟವಾಗಿದೆ. ಇಂಡೋನೇಷ್ಯಾದ 1974ರ ಮದುವೆ ಕಾಯ್ದೆಯಲ್ಲಿ ಹುಡುಗಿಗೆ 16 ವರ್ಷ ಸಾಕಿತ್ತು, 2019ರ ತಿದ್ದುಪಡಿಯಿಂದ ಇಬ್ಬರಿಗೂ 19. ಲೊಂಬೊಕ್ ಇರುವ ಪಶ್ಚಿಮ ನುಸಾ ತೆಂಗಾರಾ ಪ್ರಾಂತ್ಯ 2021ರಲ್ಲಿ ಬಾಲ್ಯವಿವಾಹ ತಡೆಗೆಂದೇ ತನ್ನದೇ ನಿಯಮ ತಂದಿತು. ಆದರೂ ಕೋರ್ಟಿನಿಂದ ವಿನಾಯಿತಿ ತರುವವರಿದ್ದಾರೆ, ನೋಂದಣಿ ಇಲ್ಲದೆ ಸುಮ್ನೆ ನಿಕಾಹ್ ಮಾಡಿ ಮುಗಿಸುವವರೂ ಇದ್ದಾರೆ.

ಅದಕ್ಕೇ ಊರಿನ ಕಟ್ಟಳೆಗೆ, ಅವರ ಮಾತಲ್ಲಿ ಅವಿಗ್-ಅವಿಗ್‌ಗೆ, ಇಷ್ಟು ಬೆಲೆ. ಕೆಲವು ಹಳ್ಳಿಗಳು ಚಿಕ್ಕ ವಯಸ್ಸಿನ ಮದುವೆಗೆ ದಂಡ ಬರೆದಿಟ್ಟಿವೆ. ಓಡಿಹೋದ ಮಕ್ಕಳನ್ನು ಬೇರೆ ಮಾಡಿ ಅವರವರ ಮನೆಗೆ ತಲುಪಿಸೋದೂ ಇದೆ, ಇದನ್ನು ಬೆಲಾಸ್ ಅಂತಾರೆ. ನನಗೆ ಅತಿ ಮುಖ್ಯ ಅನ್ನಿಸೋದು ಇದೇ. ಹಿರಿಯರೇ ಮುಂದೆ ನಿಂತು ಮಗಳನ್ನು ಕರೆತಂದರೆ ಅವಮಾನದ ಮಾತು ಅರ್ಧ ಅಲ್ಲೇ ಸಾಯುತ್ತದೆ. ಚಿಕ್ಕವರ ಮದುವೆಗೆ ಡೋಲು ಬಾರಿಸಲ್ಲ, ಮೆರವಣಿಗೆಗೆ ಬರಲ್ಲ ಅಂತ ಊರೇ ತೀರ್ಮಾನಿಸಲಿ. ಮತ್ತು ವಾಪಸ್ ಬಂದ ಹುಡುಗಿ ಮತ್ತೆ ಶಾಲೆಗೆ ಹೋಗಲೇಬೇಕು, ಅವಳನ್ನು ಯಾರೂ ಆಡಿಕೊಳ್ಳಬಾರದು ಅನ್ನೋದನ್ನೂ ಅದೇ ಕಟ್ಟಳೆಯಲ್ಲಿ ಬರೆಯಬೇಕು.