ಯಾರು ಏನು ಓದ್ತಿದಾರೆ ಅನ್ನೋದು ಗೊತ್ತಾಯ್ತು, ಆಮೇಲೆ?

ನಿನ್ನ ಲೇಖನ ಸಿಕ್ತಪ್ಪ. ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಗಾಡಿ ನಿಲ್ಲಿಸೋ ನಿಮ್ಮ ಬೈಕ್ ಹುಡುಗರು, ಇಡ್ಲಿ ಬರೋ ತನಕ ಈಗ ಏನು ಓದ್ತಿದೀನಿ ಅಂತ ಒಬ್ಬೊಬ್ಬರೇ ಹೇಳ್ಕೊಂಡು ಆಮೇಲೆ ದೇವರಾಯನದುರ್ಗದ ಕಡೆ ಹೊರಡ್ತಾರೆ ಅನ್ನೋದು ವಿಷಯ. ಒಳ್ಳೇ ವಿಷಯ, ನಮ್ಮೂರಲ್ಲಿ ಹೀಗೊಂದು ನಡೀತಿದೆ ಅಂತಾನೇ ನನಗೆ ಗೊತ್ತಿರಲಿಲ್ಲ. ಕಾಗುಣಿತದ ತಪ್ಪೂ ಇಲ್ಲ. ಹೊಗಳೋದು ಇಷ್ಟು ಸಾಕು, ಯಾಕಂದ್ರೆ ಮೊದಲು ಓದಿದಾಗ ಖುಷಿಯಾಯ್ತು, ರಾತ್ರಿ ಊಟ ಆದ್ಮೇಲೆ ಮತ್ತೆ ಕೈಗೆತ್ಕೊಂಡೆ ನೋಡು, ಸಿಟ್ಟು ಬಂತು.

ಹನ್ನೊಂದು ಜನ, ಹನ್ನೊಂದು ಗಾಡಿ, ಹನ್ನೊಂದು ಪುಸ್ತಕ. ಹಾಜರಿ ಪುಸ್ತಕ ಕೂಗಿದ ಹಾಗಿದೆ. ಅವರು ನಿಜವಾಗ್ಲೂ ಓದಿರ್ತಾರೆ, ಅದರ ಬಗ್ಗೆ ನನಗೆ ಅನುಮಾನ ಇಲ್ಲ, ಆದ್ರೆ ನೀನು ಬರ್ದಿರೋದು ನೋಡಿದ್ರೆ ಒಬ್ಬರೂ ಪುಸ್ತಕ ಬಿಚ್ಚಿದ ಹಾಗೆ ಕಾಣಲ್ಲ. ನಿನ್ನದೇ ಸಾಲು ತಗೋ: "ಚೆ ಗುವೆರಾ ಬೈಕಿನಲ್ಲೇ ಇಡೀ ದಕ್ಷಿಣ ಅಮೆರಿಕ ಸುತ್ತಿದ ಅದ್ಭುತ ಕಥನವನ್ನು ಅವರು ಓದುತ್ತಿದ್ದಾರೆ." ಎಲ್ಲಿ ಸುತ್ತಿದ? 1952ರಲ್ಲಿ ಅವನೂ ಅವನ ಗೆಳೆಯ ಗ್ರನಾಡೊನೂ ಹತ್ತಿದ್ದು ಒಂದು ಹಳೇ 500 ಸಿಸಿ ನಾರ್ಟನ್, ಬಲಶಾಲಿ ಅನ್ನೋ ಅರ್ಥದ ಹೆಸರು ಬೇರೆ ಇಟ್ಟಿದ್ರು ಅದಕ್ಕೆ, ಆ ಬಲಶಾಲಿ ದಾರಿ ತುಂಬಾ ಬಿದ್ದೂ ಎದ್ದೂ ಚಿಲಿ ದೇಶದಲ್ಲೇ ಪ್ರಾಣ ಬಿಡ್ತು. ಅಲ್ಲಿಂದಾಚೆ ಪೆರು, ಕೊಲಂಬಿಯಾ, ವೆನೆಜುವೆಲಾ ಎಲ್ಲ ಲಾರಿಯವರನ್ನ ಕಾಡಿ ಬೇಡಿ, ಹಡಗು ಹತ್ತಿ, ತೆಪ್ಪದಲ್ಲಿ ತೇಲಿ ಹೋಗಿದ್ದು. ಹೆಸರಿಗೆ ಮೋಟಾರ್‌ಸೈಕಲ್ ಡೈರಿ, ದಾರಿಯ ಬಹುಪಾಲು ಮೋಟಾರ್‌ಸೈಕಲ್ಲೇ ಇಲ್ಲ! ಬೈಕ್ ಹುಚ್ಚಿರೋ ಹುಡುಗ ಅದನ್ನ ಓದಿದಾನೆ ಅಂದ್ರೆ ಇಡ್ಲಿ ಪ್ಲೇಟ್ ಮುಂದೆ ಇದನ್ನ ಹೊಟ್ಟೆ ಉರ್ಕೊಂಡು ಹೇಳ್ದೆ ಇರ್ತಾನಾ? ಅವನು ಹೇಳಿರ್ತಾನೆ, ನೀನು ಕೇಳಿಸ್ಕೊಂಡಿಲ್ಲ, ಹೆಸರು ಬರ್ಕೊಂಡು ಪಕ್ಕದವನ ಕಡೆ ತಿರುಗಿದೀಯ. ಮೇಷ್ಟ್ರು ಕರ್ವಾಲೋ ಓದ್ತಿದ್ದಾರೆ ಅಂತ ಎರಡು ಸಾಲು ಬರ್ದಿದೀಯಲ್ಲ, ಅದ್ರಲ್ಲೂ ಇದೇ ಕಥೆ. ಹಾರೋ ಓತಿ ಎಲ್ಲಿ ಹೋಯ್ತು? "ಪ್ರಕೃತಿಯ ಅದ್ಭುತ ಲೋಕ" ಅಂತ ಇದೆ, ಓತಿ ಇಲ್ಲ.

ಈ ಅದ್ಭುತ ಅನ್ನೋದು ನಿನ್ನ ಲೇಖನದಲ್ಲಿ ಪುಟಕ್ಕೆ ನಾಕು ಸಲ ಬರುತ್ತೆ. ನಾನು ಕೆಲಸ ಕಲ್ತಿದ್ದು ಇದೇ ತುಮಕೂರಲ್ಲಿ, ಮೊಳೆ ಜೋಡಿಸಿ ಅಚ್ಚು ಮಾಡ್ತಿದ್ದ ಕಾಲದಲ್ಲಿ, ಒಂದು ಸಣ್ಣ ಪತ್ರಿಕೆ. ಅಲ್ಲಿ ಸಂಪಾದಕರಿಗಿಂತ ನಮಗೆ ಭಯ ಇದ್ದಿದ್ದು ಮೊಳೆ ಜೋಡಿಸೋ ಯಜಮಾನರ ಮೇಲೆ. ಒಂದೊಂದು ಅಕ್ಷರಾನೂ ಗೂಡಿಂದ ತೆಗೆದು ಕಡ್ಡಿ ಮೇಲೆ ನಿಲ್ಲಿಸ್ಬೇಕು, ಅಚ್ಚಾದ್ಮೇಲೆ ಬಿಚ್ಚಿ ಅದೇ ಗೂಡಿಗೆ ವಾಪಸ್ ಹಾಕ್ಬೇಕು, ಅಂದ್ರೆ ನಾವು ಬರೆದ ಒಂದೊಂದು ಪೊಳ್ಳು ಸಾಲೂ ಅವರ ಬೆರಳಿಗೆ ಎರಡು ಸಲ ಕೆಲಸ. ಭ ಒತ್ತು ಕೇಸಲ್ಲಿ ಇರ್ತಿದ್ದಿದ್ದೇ ಕಮ್ಮಿ, ಯಾರಾದ್ರೂ ಹೊಸ ಹುಡುಗರು ಒಂದೇ ಪುಟದಲ್ಲಿ ಸಾಲು ಸಾಲು ಅದ್ಭುತ ಬರೆದ್ರೆ ಯಜಮಾನರು ಎದ್ದು ಬಂದು ಕಾಗದ ಮೇಜಿನ ಮೇಲೆ ಇಟ್ಟು, "ಒತ್ತು ಮುಗೀತು, ಏನು ನೋಡಿದೆ ಅದನ್ನ ಬರಿ" ಅಂತ ಹೇಳಿ ಬೀಡಿ ಹಚ್ಕೊಂಡು ಹೊರಗೆ ಹೋಗೋರು. ನಾವು ಬರೆದು ಕೊಡೋ ತನಕ ಒಳಗೆ ಬರ್ತಿರಲಿಲ್ಲ. ಈಗ ನಿಂಗೆ ಮೊಬೈಲಲ್ಲಿ ಎಷ್ಟು ಒತ್ತು ಬೇಕಾದ್ರೂ ಸಿಗುತ್ತೆ, ತೊಂದ್ರೆ ಅದೇ ಅನ್ಸುತ್ತೆ ನಂಗೆ.

ಇನ್ನು ಯೆಜ್ಡಿ. "ಅಪ್ಪನ ಕಾಲದ ಯೆಜ್ಡಿಯ ಬಲಗಡೆಯ ಕಿಕ್ಕರನ್ನು ಒದ್ದೊಡನೆ ದಡ್ ದಡ್ ಎಂದು ಗುಡುಗಿತು." ಅಯ್ಯೋ ಪುಣ್ಯಾತ್ಮ. ಕಿಕ್ಕರ್ ಇರೋದು ಎಡಗಡೆ, ಸ್ಟಾರ್ಟ್ ಆದ್ಮೇಲೆ ಅದೇ ಲಿವರ್ ಗೇರ್ ಲಿವರ್ ಆಗುತ್ತೆ, ಆ ಗಾಡಿಯ ಮಜಾನೇ ಅದು. ದಡ್ ದಡ್ ಅನ್ನೋದು ಬುಲೆಟ್ಟು. ಇದು ಟೂ ಸ್ಟ್ರೋಕ್, ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಹಾಕೋದು, ಎರಡು ಸೈಲೆನ್ಸರಿಂದ ನೀಲಿ ಹೊಗೆ ಬಿಟ್ಕೊಂಡು ಪಟಪಟಪಟ ಅಂತ ಒದರುತ್ತೆ. ಮೈಸೂರಲ್ಲಿ ಮಾಡ್ತಿದ್ರು, 1996ಕ್ಕೆ ನಿಂತೋಯ್ತು. 2022ರಲ್ಲಿ ಅದೇ ಹೆಸರಲ್ಲಿ ಬಂದ ಹೊಸ ಗಾಡಿ ಫೋರ್ ಸ್ಟ್ರೋಕ್, ಅದಾಗಿದ್ರೆ ಬೇರೆ ಮಾತು, ಆದ್ರೆ ನೀನೇ ಅಪ್ಪನ ಕಾಲದ್ದು ಅಂದಿದೀಯ. ಗಾಡಿ ಪಕ್ಕದಲ್ಲೇ ನಿಂತಿದ್ದೋನು ನೀನು, ಶಬ್ದ ಮಾತ್ರ ಬೇರೆ ಎಲ್ಲಿಂದಲೋ ತಂದು ಹಾಕಿದೀಯ. ನನಗೆ ಇದು ಪುಸ್ತಕದ ತಪ್ಪಿಗಿಂತ ಜಾಸ್ತಿ ಚುಚ್ಚುತ್ತೆ, ಯಾಕೆ ಅಂದ್ರೆ ಓದದೇ ಇರೋದಕ್ಕೆ ಟೈಮಿಲ್ಲ ಅಂತಾದ್ರೂ ಹೇಳ್ಬಹುದು, ಕಿವಿಗೆ ಬಿದ್ದಿದ್ದನ್ನ ಬಿಟ್ಟು ಬರೆಯೋದಕ್ಕೆ ಏನಂತ ಹೇಳ್ತೀಯ?

ಈಗ ನನ್ನ ನಿದ್ದೆ ಕೆಡಿಸಿದ ಸಾಲಿಗೆ ಬರ್ತೀನಿ. ಮೂರನೇ ಪುಟದ ಕೆಳಗೆ, ಯಾರಿಗೂ ಕಾಣದ ಜಾಗದಲ್ಲಿ ಇಟ್ಟಿದೀಯ: ಡಿಪ್ಲೊಮಾ ಮಾಡಿ ಶಿರಾ ಗೇಟಲ್ಲಿ ಗ್ಯಾರೇಜ್ ಇಟ್ಟಿರೋ ಮೆಕ್ಯಾನಿಕ್, ರಾಬರ್ಟ್ ಪಿರ್ಸಿಗ್ ಬರೆದ ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್ ಓದೋಕೆ ಹೋಗಿ "ಇದರಲ್ಲಿ ರಿಪೇರಿ ಎಲ್ಲಿದೆ ಸಾರ್" ಅಂತ ಅರ್ಧಕ್ಕೇ ಮುಚ್ಚಿಟ್ಟನಂತೆ. ಅಷ್ಟು ಬರೆದು ನೀನು ಮುಂದಿನ ಗಾಡಿಗೆ ಹೋಗ್ಬಿಟ್ಟೆ! ಲೇಖನ ಇರೋದೇ ಅಲ್ಲಿ ಕಣಯ್ಯ. ಅವನು ಹೇಳಿದ್ದು ಸರಿ ಬೇರೆ, ಇದು ಬೈಕ್ ಬಗ್ಗೆ ಅಷ್ಟೇನೂ ವಸ್ತುನಿಷ್ಠ ಅಲ್ಲ ಅನ್ನೋ ಅರ್ಥದ ಮಾತನ್ನ ಪಿರ್ಸಿಗ್ಗೇ ಪುಸ್ತಕದ ಮೊದಲಲ್ಲೇ ಹೇಳ್ಕೊಂಡಿದಾನೆ. 1968ರಲ್ಲಿ ಮಗನನ್ನ ಹಿಂದೆ ಕೂರಿಸ್ಕೊಂಡು ಅವನು ಹೋಗಿದ್ದು 305 ಸಿಸಿ ಹೋಂಡಾದಲ್ಲಿ, ಆ ಗಾಡಿ ಹೆಸರನ್ನೂ ಪುಸ್ತಕದಲ್ಲಿ ಹೇಳಲ್ಲ. ಆದ್ರೆ ಒಂದು ರಿಪೇರಿ ಇದೆ, ಅದೂ ಶುರುವಲ್ಲೇ. ಜೊತೆಗಾರನ ಬಿಎಂಡಬ್ಲ್ಯೂ ಹ್ಯಾಂಡಲ್ ಸಡಿಲ ಆಗಿರುತ್ತೆ, ಬಿಯರ್ ಡಬ್ಬಿ ಕತ್ತರಿಸಿ ಆ ಅಲ್ಯೂಮಿನಿಯಂ ಪಟ್ಟೀನ ಒಳಗೆ ಸೇರಿಸಿ ಟೈಟ್ ಮಾಡೋಣ ಅಂತಾನೆ ಇವನು, ಗೆಳೆಯನಿಗೆ ಅವಮಾನ ಆಗೋಗುತ್ತೆ, ಅಷ್ಟು ದುಬಾರಿ ಗಾಡಿಗೆ ಬಿಯರ್ ಡಬ್ಬೀನಾ ಅಂತ. ಇದನ್ನ ಶಿರಾ ಗೇಟ್ ಮೆಕ್ಯಾನಿಕ್ ಹತ್ರ ಕೇಳು. ಅವನೂ ಡಬ್ಬಿ ತಗಡು ಹಾಕಿರ್ತಾನೆ, ಗಿರಾಕಿಗೆ ಹೇಳ್ದೆ ಹಾಕಿರ್ತಾನೆ. ಆ ಭಾಗ ಓದಿದ್ನಾ, ಓದಿ ನಕ್ನಾ, ಎಷ್ಟನೇ ಪುಟಕ್ಕೆ ಮುಚ್ಚಿಟ್ಟ, ಮುಚ್ಚಿಟ್ಟಿದ್ದನ್ನ ಮತ್ಯಾಕೆ ಭಾನುವಾರ ಕ್ಯಾತ್ಸಂದ್ರಕ್ಕೆ ಹೊತ್ಕೊಂಡು ಬಂದ?

ಆ ಪುಸ್ತಕ 1974ರಲ್ಲಿ ಹೊರಬರೋಕೆ ಮುಂಚೆ 121 ಪ್ರಕಾಶಕರು ಬೇಡ ಅಂದಿದ್ರು ಅನ್ನೋದು ನಿಂಗೂ ಗೊತ್ತಿರುತ್ತೆ, ಅದನ್ನ ನೆನೆಸ್ಕೊಂಡು ಸಮಾಧಾನ ಮಾಡ್ಕೋಬೇಡ, ನಾನು ಬೇಡ ಅಂತಿಲ್ಲ, ಇನ್ನೊಂದ್ಸಲ ಬರಿ ಅಂತಿದೀನಿ. ಹನ್ನೊಂದು ಜನ ಬೇಡ, ಮೆಕ್ಯಾನಿಕ್ ಒಬ್ಬ ಸಾಕು, ಬೇಕಿದ್ರೆ ಚೆ ಗುವೆರಾ ಹುಡುಗನ್ನ ಪಕ್ಕದಲ್ಲಿ ಕೂರಿಸು, ಇಬ್ರೂ ಜಗಳ ಆಡಿದ್ರೆ ಇನ್ನೂ ಒಳ್ಳೇದು. ಎರಡು ಪುಟ ಕೊಡ್ತೀನಿ. ಗಾಡಿಗಳನ್ನ ಸಾಲಾಗಿ ನಿಲ್ಲಿಸಿ ತೆಗೆದ ಫೋಟೋ ಬೇಡ, ಮೆಕ್ಯಾನಿಕ್ ಹತ್ರ ಇರೋ ಆ ಪುಸ್ತಕದ್ದೇ ಒಂದು ತೆಗೆದು ಕಳಿಸು, ಗ್ರೀಸ್ ಮೆತ್ತಿದ್ರೆ ಒರೆಸ್ಬೇಡ.