ಹೈವೇ ಪಕ್ಕ ಜಾಗ ತಗೊಂಡು ಲಾರಿ ನಿಲ್ದಾಣ ಮಾಡಬಹುದಾ?

ಹೈವೇ ಪಕ್ಕ 3 ಎಕರೆ ಕೊಂಡು, ಮುಂದೆ ಮಳಿಗೆ ಕಟ್ಟಿ, ಹಿಂದೆ ಲಾರಿ ಪಾರ್ಕಿಂಗ್ ಮಾಡಿದರೆ ಬಾಡಿಗೆ ಚೆನ್ನಾಗಿ ಬರುತ್ತದಾ ಅಂತ ಕೇಳಿದ್ದೀರಿ. ನಾನು ಮತ್ತು ನನ್ನ ಅಣ್ಣ ಹಾಕಿದ್ದೂ ಇದೇ ಲೆಕ್ಕ. ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೋಗುವಾಗ, ಹೆದ್ದಾರಿ 48ರ ಎಡಕ್ಕೆ ಜಮೀನು ತಗೊಂಡೆವು. ಬೆಂಗಳೂರಿಂದ ಹುಬ್ಬಳ್ಳಿ, ಪುಣೆ ಕಡೆ ಹೋಗುವ ಲೋಡು ಓಡುವುದು ಅದೇ ರೋಡಲ್ಲಿ. ಬಳ್ಳಾರಿ ಕಡೆಯಿಂದ ಬರುವ 150ಎ ಹೆದ್ದಾರಿ ಕೂಡ ಹಿರಿಯೂರಲ್ಲೇ ಸಿಗುತ್ತದೆ. ಹಗಲು ರಾತ್ರಿ ಲಾರಿ. ಇಷ್ಟು ನೋಡಿದ ಮೇಲೆ ಬೇರೇನೂ ಕೇಳುವುದು ಬೇಡ ಅನ್ನಿಸಿತ್ತು.

ಕಾಗದಪತ್ರದಲ್ಲಿ ನಾವು ಸಡಿಲ ಬಿಡಲಿಲ್ಲ. ಪಹಣಿ ನೋಡಿದೆವು, ಸರ್ವೆ ಮಾಡಿಸಿ ಕಲ್ಲು ನೆಡಿಸಿದೆವು. ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಡಿಸಿ ಆಫೀಸಿನಿಂದ ಅಲಿನೇಷನ್, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಆದೇಶ, ಮಾಡಿಸಿದೆವು. ಹೆದ್ದಾರಿಯ ಮಧ್ಯದಿಂದ 40 ಮೀಟರ್ ಒಳಗೆ ಕಟ್ಟುವಂತಿಲ್ಲ, 75 ಮೀಟರ್‌ವರೆಗೂ ನಿರ್ಬಂಧ ಇದೆ ಅಂತ ಇಂಜಿನಿಯರ್ ಹೇಳಿದ್ದರು. ಅದನ್ನೂ ಬಿಟ್ಟೇ ಮಳಿಗೆ ಎಬ್ಬಿಸಿದೆವು.

ಕೇಳದೇ ಉಳಿದದ್ದು ಒಂದೇ. ಹೆದ್ದಾರಿಯಿಂದ ನಮ್ಮ ಜಾಗಕ್ಕೆ ಇಳಿಯಲು ಅನುಮತಿ.

ಜಮೀನಿನ ಮುಂದೆ ಒಂದು ಮಣ್ಣಿನ ಇಳಿಜಾರು ಇತ್ತು. ಊರಿನ ಟ್ರ್ಯಾಕ್ಟರ್‌ಗಳು ಅಲ್ಲೇ ಹತ್ತಿ ಇಳಿಯುತ್ತಿದ್ದವು. ದಾರಿ ಇದೆಯಲ್ಲ ಅಂದುಕೊಂಡೆವು. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಮ್ಮ ದುಡ್ಡೆಲ್ಲ ಹೋದದ್ದು ಇಲ್ಲೇ. ಹೆದ್ದಾರಿಗೆ ಅಂಟಿಕೊಂಡ ಜಮೀನು ನಿಮ್ಮದಾಗಿರಬಹುದು. ಆದರೆ ಹೆದ್ದಾರಿಯ ಅಂಚಿಂದ ನಿಮ್ಮ ಬೇಲಿವರೆಗಿನ ಪಟ್ಟಿ ಸರ್ಕಾರದ್ದು. ಅದನ್ನು ದಾಟಿ ವಾಹನ ಒಳಗೆ ಬರಬೇಕಾದರೆ 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ ಕಾಯ್ದೆಯಡಿ ಅನುಮತಿ ಬೇಕು. ಅದಕ್ಕೆ ನಕ್ಷೆ ಕೊಡಬೇಕು. ಒಳಗೆ ಬರುವ ಲಾರಿ ವೇಗ ತಗ್ಗಿಸಲು ಒಂದು ಪಥ, ಹೊರಗೆ ಹೋಗುವ ಲಾರಿ ವೇಗ ಹಿಡಿಯಲು ಇನ್ನೊಂದು ಪಥ, ಎರಡನ್ನೂ ನಿಮ್ಮ ಖರ್ಚಿನಲ್ಲೇ ಮಾಡಬೇಕು. ಹತ್ತಿರದಲ್ಲಿ ಕ್ರಾಸ್ ಇದ್ದರೆ, ಡಿವೈಡರ್‌ನಲ್ಲಿ ಗ್ಯಾಪ್ ಇದ್ದರೆ ಅನುಮತಿ ಸಿಗುವುದಿಲ್ಲ. ನಮ್ಮ ಜಾಗ ಊರಿನ ಕ್ರಾಸ್‌ಗೆ ಹತ್ತಿರ. ಅದೇ ಅನುಕೂಲ ಅಂದುಕೊಂಡು ರೇಟು ಜಾಸ್ತಿ ಕೊಟ್ಟಿದ್ದೆವು. ಅದೇ ಕಾರಣಕ್ಕೆ ಅರ್ಜಿ ತಿರಸ್ಕಾರ ಆಯಿತು.

ಅಷ್ಟರಲ್ಲಿ ರೋಡ್ ಅಗಲ ಮಾಡುವ ಕೆಲಸ ನಮ್ಮ ಹತ್ತಿರ ಬಂತು. ಚರಂಡಿ ಬಂತು, ಸರ್ವೀಸ್ ರೋಡ್ ಬಂತು, ಉದ್ದಕ್ಕೂ ಕಬ್ಬಿಣದ ತಡೆ ಬಂತು. ಮಣ್ಣಿನ ಇಳಿಜಾರು ಮುಚ್ಚಿಹೋಯಿತು. ಸರ್ವೀಸ್ ರೋಡಿಗೆ ಇಳಿಯುವ ಜಾಗ ನಮ್ಮ ಬೋರ್ಡ್ ಕಾಣುವುದಕ್ಕಿಂತ ಬಹಳ ಮೊದಲೇ ಇತ್ತು. ಡ್ರೈವರ್‌ಗೆ ನಾವು ಕಾಣುವ ಹೊತ್ತಿಗೆ ಅವನು ಮುಂದೆ ಬಂದಿರುತ್ತಾನೆ. ಲೋಡ್ ಇರುವ ಲಾರಿ ಊಟಕ್ಕೋಸ್ಕರ ಹಿಂದಕ್ಕೆ ತಿರುಗುವುದಿಲ್ಲ. ಮೊದಲು ಪಂಚರ್ ಅಂಗಡಿಯವನು ಖಾಲಿ ಮಾಡಿದ, ಆಮೇಲೆ ಹೋಟೆಲ್‌ನವರು. ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ಅಣ್ಣ ತೋಟದ ಒಂದು ಭಾಗ ಮಾರಿದರು.

ಈಗ ನಿಮ್ಮ ಪ್ರಶ್ನೆಗೆ. ಮಳಿಗೆ ಬಾಡಿಗೆಯ ಲೆಕ್ಕವನ್ನು ಬಿಟ್ಟುಬಿಡಿ. ಲಾರಿ ನಿಲ್ಲದೆ ಮಳಿಗೆ ನಡೆಯುವುದಿಲ್ಲ, ಮಳಿಗೆ ನೋಡಿ ಲಾರಿ ನಿಲ್ಲುವುದೂ ಇಲ್ಲ. ಮೊದಲಾದರೆ ಲಾರಿಯವರು ತೆರಿಗೆ ಚೆಕ್‌ಪೋಸ್ಟ್‌ನಲ್ಲಿ ಕಾಯುತ್ತಿದ್ದರು, ಅದರ ಸುತ್ತ ಡಾಬಾಗಳು ಬದುಕುತ್ತಿದ್ದವು. 2017ರಲ್ಲಿ ಜಿಎಸ್‌ಟಿ ಬಂದು ಆ ಚೆಕ್‌ಪೋಸ್ಟ್‌ಗಳು ಹೋದವು. 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆಗಿ ಟೋಲ್‌ನ ಸಾಲೂ ಕರಗಿತು. ಈಗ ಡ್ರೈವರ್ ತನಗೆ ಬೇಕೆನಿಸಿದ ಕಡೆ ಮಾತ್ರ ನಿಲ್ಲುತ್ತಾನೆ. ಅವನಿಗೆ ಬೇಕಾದದ್ದು ನಿಶ್ಚಿಂತೆಯಾಗಿ ಮಲಗುವ ಜಾಗ. ಟ್ಯಾಂಕಿನ ಡೀಸೆಲ್, ಸ್ಟೆಪ್ನಿ, ತಾಡಪಾಲು ಬೆಳಿಗ್ಗೆ ಇದ್ದಲ್ಲೇ ಇರಬೇಕು. ಕಾವಲು, ಬೆಳಕು, ಸ್ನಾನಕ್ಕೆ ಧಾರಾಳ ನೀರು, ಬಟ್ಟೆ ಒಗೆಯುವ ಕಲ್ಲು. ಅನೇಕರು ತಾವೇ ಅಡುಗೆ ಮಾಡಿಕೊಳ್ಳುತ್ತಾರೆ, ಅದಕ್ಕೊಂದು ಮರೆ ಬೇಕು. ಸರ್ಕಾರಿ ತೈಲ ಕಂಪನಿಗಳು ಬಂಕ್‌ಗಳಲ್ಲಿ ಮಾಡಿರುವ ‘ಅಪ್ನಾ ಘರ್’ ಒಮ್ಮೆ ನೋಡಿ ಬನ್ನಿ. ಹಾಸಿಗೆ, ಸ್ನಾನ, ಅಡುಗೆ ಜಾಗ ಎಲ್ಲ ಅಲ್ಲಿದೆ. ದಿನಗಟ್ಟಲೆ ಮನೆ ಬಿಟ್ಟು ಓಡಾಡುವ ಜನ ಇವರು. ಅವರಿಗೆ ಗೌರವದಿಂದ ಒಂದು ಬಕೆಟ್ ನೀರು ಕೊಡುವವರು ನಮ್ಮ ರೋಡುಗಳಲ್ಲಿ ಇವತ್ತಿಗೂ ಕಡಿಮೆ, ಅದು ನನಗೆ ನೋವಿನ ವಿಷಯ.

ಎರಡನೇ ಸಲ ನಾನು ಜಾಗ ಕೊಳ್ಳಲಿಲ್ಲ. ಅನುಮತಿ ಇದ್ದ ಒಂದು ಬಂಕ್ ಹುಡುಕಿದೆ. ಹಿಂದೆ ಮಾಲೀಕರ ಸ್ವಂತ ಜಮೀನು ಖಾಲಿ ಇತ್ತು. ಅದನ್ನು ದೀರ್ಘ ಅವಧಿಗೆ ಲೀಸ್‌ಗೆ ಪಡೆದು ರಿಜಿಸ್ಟರ್ ಮಾಡಿಸಿದೆ. ಬಂಕಿನ ದಾರಿಯನ್ನೇ ಹಿಂದಿನ ಲಾರಿ ಯಾರ್ಡ್‌ಗೂ ಬಳಸಬಹುದು ಅಂತ ಹೆದ್ದಾರಿ ಪ್ರಾಧಿಕಾರದಿಂದ ಬರಹದಲ್ಲಿ ತಗೊಂಡ ಮೇಲೆಯೇ ಕೆಲಸ ಶುರು ಮಾಡಿದ್ದು. ಟ್ರೇಲರ್ 16ರಿಂದ 18 ಮೀಟರ್ ಉದ್ದ ಇರುತ್ತದೆ. ರಿವರ್ಸ್ ತೆಗೆಯದೆ ನೇರ ಹೊರಗೆ ಹೋಗುವಂತೆ ಓರೆಯಾಗಿ ಸಾಲು ಹಾಕಿದೆವು. ಹಾಗೆ ಎಕರೆಗೆ 20ರ ಆಸುಪಾಸು ಲಾರಿ ಹಿಡಿಸುತ್ತವೆ. ಪಾರ್ಕಿಂಗ್‌ಗೆ ದುಡ್ಡು ಕೇಳುವುದಿಲ್ಲ. ಮೆಸ್ಸು, ಟೈರ್ ಕೆಲಸ, ಹೊಗೆ ಶುದ್ಧವಾಗಲು ಬಿಎಸ್6 ಗಾಡಿಗಳಿಗೆ ಹಾಕುವ ಯೂರಿಯಾ ದ್ರಾವಣದ ಮಾರಾಟದಿಂದ ನಮ್ಮ ಖರ್ಚು ಕಳೆದು ಉಳಿಯುತ್ತದೆ. ಬಂಕಿನವರಿಗೆ ಡೀಸೆಲ್ ವ್ಯಾಪಾರ ಏರಿತು, ಹಾಗಾಗಿ ಲೀಸ್ ಬಗ್ಗೆ ತಕರಾರಿಲ್ಲ.

ಇನ್ನೊಂದು ಮಾತು. ಏರು ಶುರುವಾಗುವ ಕಡೆ ಜಾಗ ತೋರಿಸಿದರೆ ಬೇಡ ಅನ್ನಿ. ಲೋಡ್ ಲಾರಿ ಅಲ್ಲಿ ವೇಗ ಕಳೆದುಕೊಳ್ಳಲು ಒಪ್ಪುವುದಿಲ್ಲ. ಏರು ಹತ್ತಿ ಮುಗಿಸಿ ರೋಡ್ ಸಮ ಆಗುವ ಕಡೆ ಹುಡುಕಿ.

ನೀವು ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಂದುಕೊಂಡಿದ್ದೇನೆ. ಬ್ರೋಕರ್ ಎಷ್ಟೇ ಅವಸರ ಮಾಡಲಿ, ಸರ್ವೆ ನಂಬರ್ ಹಿಡಿದುಕೊಂಡು ಪ್ರಾಧಿಕಾರದ ಯೋಜನಾ ನಿರ್ದೇಶಕರ ಕಚೇರಿಗೆ ಹೋಗಿ. ಮುಂದೆ ಅಗಲೀಕರಣದ ನಕ್ಷೆ ಇದೆಯಾ, ಸರ್ವೀಸ್ ರೋಡ್ ಎಲ್ಲಿ ಶುರುವಾಗುತ್ತದೆ, ಈ ಜಾಗಕ್ಕೆ ಪ್ರವೇಶ ಸಿಗುತ್ತದಾ, ಈ ಮೂರನ್ನೂ ಬರಹದಲ್ಲೇ ಕೇಳಿ. ಬಾಯಿಮಾತಿನ ಉತ್ತರಕ್ಕೆ ದುಡ್ಡು ಹಾಕಬೇಡಿ.